ಹದಿನೇಳನೇ ನಂಬರಿನ ಮೂರು ಅಂಕ

ಆ ವರ್ಷ ನಮ್ಮ ಆಫೀಸಿನಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ, ಅದಕ್ಕೆ ಬಂದ ಅರ್ಜಿ ಮೂವತ್ತನಾಲ್ಕು. ಇಷ್ಟು ಅರ್ಜಿ ಬಂದದ್ದು ನಮ್ಮದು ದೊಡ್ಡ ಕಂಪೆನಿ ಎಂದಲ್ಲ. ಮಣಿಪಾಲದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆ, ಆರು ಕಂಪ್ಯೂಟರು, ನಾವು ಐದು ಜನ. ಕರೆಂಟು ಹೋದರೆ ಯುಪಿಎಸ್ ಹತ್ತು ನಿಮಿಷ ಕಿರುಚಿಕೊಂಡು ಆಮೇಲೆ ಕೈ ಚೆಲ್ಲುತ್ತಿತ್ತು. ಆದರೆ ಎರಡು ಸಾವಿರದ ಎರಡನೇ ಇಸವಿಯಲ್ಲಿ ನಮ್ಮ ಕಡೆ ಪ್ರೋಗ್ರಾಮ್ ಬರೆಯುವ ಕೆಲಸ ಸಿಗುವ ಜಾಗಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಕಾರ್ಕಳ, ಕುಂದಾಪುರ, ಪಡುಬಿದ್ರಿ ಎಂದು ಎಲ್ಲ ಕಡೆಯ ಹೊಸ ಪದವೀಧರರೂ ನಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದರು.

ಆಯ್ಕೆ ಮಾಡುವವರು ಇಬ್ಬರು. ಒಬ್ಬರು ನಮ್ಮ ಸರ್, ಕಂಪೆನಿಯ ಮಾಲಕರು, ಹದಿನಾಲ್ಕು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ಇನ್ನೊಬ್ಬಳು ನಾನು, ಅಲ್ಲಿನ ಹಿರಿಯ ಪ್ರೋಗ್ರಾಮರ್. ಸರ್ ಅವರ ಮನೆಮಾತು ತುಳು, ನನ್ನದು ಕೊಂಕಣಿ. ಜಗಳ ಆಡುವಾಗ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದೆವು. ಹಾಗಾಗಿ ನಮ್ಮಿಬ್ಬರ ಕನ್ನಡ ಆ ಕೆಲವು ವರ್ಷಗಳಲ್ಲಿ ಬಹಳ ಸುಧಾರಿಸಿತ್ತು.

ಸಂದರ್ಶನದಲ್ಲಿ ಸರ್ ಕೇಳುವ ಮೊದಲ ಪ್ರಶ್ನೆ, "ಇಲ್ಲ್ ಓಲು?" ಮನೆ ಎಲ್ಲಿ ಎಂದು. ಊರಿನ ಹೆಸರು ಹೇಳಿದರೆ ಅವರಿಗೆ ಸಾಲದು. ಊರಿನಲ್ಲಿ ಯಾವ ಮನೆ, ಆ ಮನೆಯ ಹೆಸರೇನು, ದೇವಸ್ಥಾನದಿಂದ ಮೇಲೆಯೋ ಕೆಳಗೆಯೋ, ಅಮ್ಮನ ಕಡೆಯವರು ಯಾರು... ಹತ್ತು ನಿಮಿಷದೊಳಗೆ ಎಲ್ಲಾದರೂ ಒಂದು ಗಂಟು ಸಿಕ್ಕಿ ಸರ್ ಮುಖ ಅರಳುತ್ತಿತ್ತು. "ಗೊತ್ತಿದ್ದ ಮನೆ ಮಾರಾಯ್ತಿ, ನಾಳೆ ಹೇಳದೆ ಕೇಳದೆ ಬಿಟ್ಟು ಹೋಗುವವರಲ್ಲ" ಎನ್ನುತ್ತಿದ್ದರು. ಅದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಗಲ್ಫಿಗೆ ಇಳಿದ ದಿನ ಅವರನ್ನು ಕೈಹಿಡಿದವರೂ ಹೀಗೆ ಮನೆ ಕೇಳಿ ಗುರುತು ಹಿಡಿದ ಒಬ್ಬರೇ ಅಂತೆ.

ನನಗೋ ಆ ಪ್ರಶ್ನೆ ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಕಾಪುವಿನಲ್ಲಿ ನಮ್ಮದು ಬಾಡಿಗೆ ಮನೆ, ಅಪ್ಪ ಟೈಲರ್. ತೊಂಬತ್ತೆಂಟರಲ್ಲಿ ನಾನು ಕೆಲಸ ಹುಡುಕುವಾಗ ಎರಡು ಕಡೆ "ಯಾರ ಮಗಳು?" ಎಂಬಲ್ಲಿಗೇ ಮಾತು ಮುಗಿದಿತ್ತು. ಮೂರನೇ ಕಡೆ ಒಂದು ಬಿಳಿ ಹಾಳೆ ಕೊಟ್ಟು ಪ್ರೋಗ್ರಾಮ್ ಬರೆಯಿರಿ ಎಂದರು. ಬರೆದೆ, ಕೆಲಸ ಸಿಕ್ಕಿತು. ಅಂದಿನಿಂದ ಬಿಳಿ ಹಾಳೆಯ ಮೇಲೆ ನನಗೆ ಇನ್ನಿಲ್ಲದ ಪ್ರೀತಿ. ಇಲ್ಲಿಗೆ ಬಂದ ಮೇಲೆ ಸರ್ ಜೊತೆ ಎರಡು ವರ್ಷ ಗುದ್ದಾಡಿ ಒಂದು ಪದ್ಧತಿ ತಂದಿದ್ದೆ. ಅರ್ಜಿ ಹಾಕಿದವರಿಗೆ ಹೆಸರಿಲ್ಲ, ನಂಬರು ಮಾತ್ರ. ಎಲ್ಲರಿಗೂ ಒಂದೇ ಪರೀಕ್ಷೆ. ಅಂಕ ಹಾಕಿ ಮುಗಿಯುವವರೆಗೆ ಸರ್ ಯಾರ ಮನೆಯನ್ನೂ ವಿಚಾರಿಸುವಂತಿಲ್ಲ. ಅವರು ಒಪ್ಪಿದ್ದು ನನ್ನ ವಾದಕ್ಕೆ ಸೋತಲ್ಲ, ನನ್ನ ಹಠ ನೋಡಿ ನಗು ಬಂದು.

ಪರೀಕ್ಷೆ ಒಂದು ಶನಿವಾರ ಬೆಳಿಗ್ಗೆ ನಡೆಯಿತು. ಒಂದೂವರೆ ಗಂಟೆ, ಇಪ್ಪತ್ತೈದು ಅಂಕ, ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮು. ಆರು ಕಂಪ್ಯೂಟರಿನಲ್ಲಿ ಮೂವತ್ತನಾಲ್ಕು ಜನರನ್ನು ಕೂರಿಸಲು ಆಗದ್ದರಿಂದ ಕಾಗದದ ಮೇಲೆಯೇ ಬರೆಯಬೇಕು. ಪ್ರಶ್ನೆ ನನ್ನದೇ. ನಾನು ದಿನಾ ಕಾಪುವಿನಿಂದ ಕಟಪಾಡಿ ಮಾರ್ಗವಾಗಿ ಉಡುಪಿಗೆ ಬಂದು ಅಲ್ಲಿಂದ ಮಣಿಪಾಲದ ಬಸ್ಸು ಹಿಡಿಯುವವಳು. ನಮ್ಮ ಲೈನಿನಲ್ಲಿ ಖಾಸಗಿ ಬಸ್ಸುಗಳು ಐದು, ಹತ್ತು, ಹದಿನೈದು ನಿಮಿಷಕ್ಕೊಂದರಂತೆ ಓಡುತ್ತವೆ. ಒಂದರ ಪ್ಯಾಸೆಂಜರನ್ನು ಇನ್ನೊಂದು ಹಾರಿಸಿಕೊಂಡು ಹೋಗದಿರಲಿ ಎಂದು ಕಟಪಾಡಿ ಜಂಕ್ಷನ್ನಿನಲ್ಲಿ ಒಬ್ಬರು ಟೈಮ್ ಕೀಪರ್ ಕೂತು ಪ್ರತಿ ಬಸ್ಸಿನ ಸಮಯವನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕವೇ ನನ್ನ ಪ್ರಶ್ನೆ. ಬೆಳಿಗ್ಗೆ ಆರರಿಂದ ಶುರುವಾಗಿ ಸಮಯಗಳನ್ನು ಒಂದರ ಕೆಳಗೊಂದು ಬರೆಯಲಾಗಿದೆ, ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ನಮೂದಿಸಿಲ್ಲ. ಎರಡು ಬಸ್ಸುಗಳ ನಡುವಿನ ಅತಿ ದೊಡ್ಡ ಅಂತರ ಎಷ್ಟೆಂದು ಕಂಡುಹಿಡಿಯಿರಿ.

ಇದರಲ್ಲಿ ಒಂದು ಸಣ್ಣ ಬಲೆ ಇಟ್ಟಿದ್ದೆ. ಹನ್ನೆರಡು ಐವತ್ತರ ಕೆಳಗೆ ಒಂದು ಐದು ಬರುತ್ತದೆ. ಅಂದರೆ ಸಂಖ್ಯೆ ಹಿಂದಕ್ಕೆ ಹೋಯಿತು. ಎಲ್ಲಿ ಸಂಖ್ಯೆ ಹಿಂದಕ್ಕೆ ಹೋಗುತ್ತದೋ ಅಲ್ಲಿ ಮಧ್ಯಾಹ್ನ ದಾಟಿತು ಎಂದು ತಿಳಿದು ಹನ್ನೆರಡು ಗಂಟೆ ಸೇರಿಸಬೇಕು. ಇದು ಹೊಳೆದವರಿಗೆ ಪೂರ್ತಿ ಅಂಕ. ಮಾದರಿ ಉತ್ತರವನ್ನು ನಾನು ಇಪ್ಪತ್ತೆರಡು ಸಾಲಿನಲ್ಲಿ ಬರೆದು, ಎಷ್ಟು ಅಚ್ಚುಕಟ್ಟಾಗಿದೆ ಎಂದು ನಾನೇ ಎರಡು ಸಲ ಓದಿ ಖುಷಿಪಟ್ಟಿದ್ದೆ.

ಅಂಕ ಹಾಕುವುದು ಸುಲಭದ ಕೆಲಸವಲ್ಲ. ಪ್ರತಿ ಉತ್ತರವನ್ನೂ ಪೆನ್ಸಿಲು ಹಿಡಿದು ಸಾಲು ಸಾಲಾಗಿ ನಾನೇ ಕಂಪ್ಯೂಟರ್ ಆಗಿ ಓಡಿಸಬೇಕು. ಏಳೆಂಟು ಹಾಳೆ ಆಗುವಷ್ಟರಲ್ಲಿ ಏನೋ ಸಂಶಯ ಬಂತು. ಬೇರೆ ಬೇರೆ ಕೈಬರಹ, ಆದರೆ ಒಳಗೆ ಅದೇ ಇಪ್ಪತ್ತೆರಡು ಸಾಲು. ನಾನು ಇಟ್ಟ ಚರಗಳ ಹೆಸರು ಸಮೇತ. ಎಣಿಸಿದೆ, ಅಂಥವು ಹನ್ನೊಂದು. ಹೋದ ವರ್ಷವೂ ಇದೇ ಪ್ರಶ್ನೆ ಕೊಟ್ಟಿದ್ದೆ, ಸೋಮಾರಿತನದಿಂದ ಬದಲಾಯಿಸಿರಲಿಲ್ಲ. ಆಗ ಬಂದವರಿಗೆ ತಪ್ಪು ತಿದ್ದಿಕೊಳ್ಳಲಿ ಎಂದು ಮಾದರಿ ಉತ್ತರವನ್ನೂ ತೋರಿಸಿದ್ದೆ. ಅದು ಉಡುಪಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ನೋಟ್ಸಿಗೆ ಸೇರಿ, ಅಲ್ಲಿಂದ ಜೆರಾಕ್ಸ್ ಆಗಿ ಎಲ್ಲ ಕಡೆ ಹಂಚಿಹೋಗಿತ್ತು.

ಹನ್ನೊಂದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲದೆ ಬರೆದದ್ದು ಎಂಟನೇ ನಂಬರು. ಕದ್ದು ನೋಡಿ ಬರೆದದ್ದಲ್ಲವಲ್ಲ, ಅಂಕ ಕಳೆಯುವುದು ಹೇಗೆ? ಇಪ್ಪತ್ತೈದಕ್ಕೆ ಇಪ್ಪತ್ತೈದು ಹಾಕಿದೆ, ಹಲ್ಲು ಕಚ್ಚಿಕೊಂಡು.

ಅತ್ಯಂತ ಕಡಿಮೆ ಅಂಕ ಹದಿನೇಳನೇ ನಂಬರಿಗೆ. ಪ್ರೋಗ್ರಾಮು ಅರ್ಧಕ್ಕೇ ನಿಂತಿತ್ತು. ಮೂರು ಸಲ ಶುರುಮಾಡಿ ಮೂರು ಸಲ ಅಡ್ಡಗೆರೆ ಎಳೆದಿದ್ದಾರೆ. ಅಂಚಿನಲ್ಲಿ ಕನ್ನಡದಲ್ಲಿ ಎರಡು ಸಾಲು: "ತಡವಾಗಿ ಬಂದ ಬಸ್ಸಿಗೂ ಅದರದ್ದೇ ಟೈಮ್ ಬರೆಯುತ್ತಾರೆ. ಆಗ 7.25ರ ಕೆಳಗೆ 7.20 ಬರುತ್ತದೆ. ಇದು ಮಧ್ಯಾಹ್ನ ಅಲ್ಲ." ನಾನು ಕೆಂಪು ಪೆನ್ನಿನಿಂದ ಅದರ ಪಕ್ಕ "ಕೇಳಿದ್ದಕ್ಕೆ ಮಾತ್ರ ಉತ್ತರಿಸಿ" ಎಂದು ಬರೆದೆ. ಸೊನ್ನೆ ಹಾಕಲು ಮನಸ್ಸು ಬರಲಿಲ್ಲ, ಅಕ್ಷರ ಅಷ್ಟು ಚಂದ ಇತ್ತು. ಅಂಕಿಗಳಂತೂ ಅಚ್ಚು ಒತ್ತಿದ ಹಾಗೆ. ಮೂರು ಅಂಕ ಹಾಕಿ ಹಾಳೆಯನ್ನು ಕಟ್ಟಿನ ಅಡಿಗೆ ಸೇರಿಸಿದೆ.

ಮೊದಲ ಐದು ಜನರ ಹೆಸರನ್ನು ಬಿಚ್ಚಿದಾಗ ಸರ್ ಕುಣಿದಾಡುವುದೊಂದು ಬಾಕಿ. ಎಂಟನೇ ನಂಬರು ಎಲ್ಲೂರಿನ ಹುಡುಗ, ಅವನ ಅಜ್ಜನ ಮನೆ ಸರ್ ಅವರಿಗೆ ಚೆನ್ನಾಗಿ ಗೊತ್ತು. "ನೋಡು, ನಿನ್ನ ಟೆಸ್ಟೂ ಅದನ್ನೇ ಹೇಳ್ತದೆ, ನನ್ನ ಲೆಕ್ಕವೂ ಅದನ್ನೇ ಹೇಳ್ತದೆ. ಇನ್ನೆಂತ ಬೇಕು ನಿಂಗೆ?" ಎಂದರು.

"ಬಾಯಿಪಾಠ ಮಾಡಿದ್ದು ಸರ್ ಅದು."

"ಬಾಯಿಪಾಠ ಮಾಡ್ಲಿಕ್ಕೂ ತಲೆ ಬೇಕಲ್ವಾ?"

ನೇಮಕದ ಆದೇಶ ಪತ್ರ ಟೈಪ್ ಮಾಡಲು ಒಂದು ವಾರ ಸಮಯ ಕೇಳಿಕೊಂಡೆ. ನಿಜ ಹೇಳಬೇಕೆಂದರೆ ಆ ವಾರ ನನಗೆ ಪರೀಕ್ಷೆಗಿಂತ ದೊಡ್ಡ ತಲೆನೋವೊಂದಿತ್ತು.

ಉಡುಪಿಯ ಒಂದು ಆಸ್ಪತ್ರೆಯ ಲ್ಯಾಬಿಗೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ರಕ್ತದ ಸ್ಯಾಂಪಲ್ ಬಂದ ಹಾಗೆ ರೋಗಿಯ ಹೆಸರು, ಸಮಯ ಟೈಪ್ ಮಾಡಿದರೆ ಸಾಕು, ವರದಿ ಅಚ್ಚಾಗಿ ಬರುತ್ತದೆ. ದಿನಾಂಕ ಟೈಪ್ ಮಾಡುವ ಕಷ್ಟವೇ ಬೇಡ ಎಂದು ನಾನು ಒಂದು ಜಾಣತನ ಮಾಡಿದ್ದೆ. ದಿನಾ ಬೆಳಿಗ್ಗೆ ಶುರುಮಾಡುವಾಗ ಒಮ್ಮೆ ಕಂಪ್ಯೂಟರಿನ ಗಡಿಯಾರದಿಂದ ದಿನಾಂಕ ಹಿಡಿದುಕೊಳ್ಳುತ್ತದೆ. ಆಮೇಲೆ ಸಮಯ ಹಿಂದಿನ ಸಾಲಿಗಿಂತ ಕಡಿಮೆ ಆದರೆ ನಡುರಾತ್ರಿ ದಾಟಿತು ಎಂದು ತಿಳಿದು ಪ್ರೋಗ್ರಾಮೇ ದಿನಾಂಕವನ್ನು ಒಂದು ಮುಂದಕ್ಕೆ ಹಾಕುತ್ತದೆ. ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ನಡುನಡುವೆ ಕೆಲವು ದಿನ ಬೆಳಗಿನ ವರದಿಗಳೆಲ್ಲ ಮರುದಿನದ ದಿನಾಂಕ ಹೊತ್ತು ಬರತೊಡಗಿದವು. ಲ್ಯಾಬಿನ ಮುಖ್ಯ ವೈದ್ಯರು ಫೋನು ಮಾಡಿ, "ಎಂತ ಮೇಡಂ, ನಾಳೆ ತೆಗೆಯುವ ರಕ್ತದ ರಿಪೋರ್ಟು ಇವತ್ತೇ ಕೊಡ್ತದಲ್ಲ ನಿಮ್ಮ ಕಂಪ್ಯೂಟರು!" ಎಂದರು. ನಗುತ್ತಲೇ ಹೇಳಿದರು. ಮೂರನೇ ಸಲ ಫೋನು ಮಾಡಿದಾಗ ನಗಲಿಲ್ಲ. ಈ ತಿಂಗಳೊಳಗೆ ಸರಿಯಾಗದಿದ್ದರೆ ಹಳೆಯ ರಿಜಿಸ್ಟರಿಗೇ ಮರಳುತ್ತೇವೆ ಎಂದರು. ಹೊಸ ಕುರ್ಚಿ ಹಾಕಿದ್ದೇ ಆ ಲ್ಯಾಬಿನ ಮುಂದಿನ ಕೆಲಸಕ್ಕೆ. ಲ್ಯಾಬು ಕೈಬಿಟ್ಟರೆ ಎಂಟನೇ ನಂಬರಿಗೂ ಇಲ್ಲ, ಬೇರೆ ಯಾವ ನಂಬರಿಗೂ ಕುರ್ಚಿ ಇಲ್ಲ.

ಮೊದಲು ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಮುಗಿದಿರಬೇಕು ಎಂದು ಬದಲಾಯಿಸಿದೆ. ಆಗಲಿಲ್ಲ. ಪ್ರೋಗ್ರಾಮನ್ನು ಅಚ್ಚು ಹಾಕಿ ಸಾಲು ಸಾಲು ಓದಿದೆ, ತಪ್ಪು ಕಾಣಲಿಲ್ಲ. ಎರಡು ದಿನ ಬೆಳಿಗ್ಗೆ ಆರೂವರೆಗೇ ಹೋಗಿ ಲ್ಯಾಬಿನಲ್ಲಿ ಕಣ್ಣು ಮಿಟುಕಿಸದೆ ಕೂತೆ. ನಾನು ಕೂತ ಎರಡು ದಿನವೂ ದಿನಾಂಕ ಸರಿಯಾಗಿತ್ತು. ಮೂರನೇ ದಿನ ನಾನು ಹೋಗಲಿಲ್ಲ, ಅದು ಮತ್ತೆ ನಾಳೆಗೆ ಹಾರಿತು. ನನ್ನನ್ನು ಕಂಡರೆ ಈ ಪ್ರೋಗ್ರಾಮಿಗೆ ಹೆದರಿಕೆಯೋ ಎಂದು ಅನಿಸಿಬಿಟ್ಟಿತು.

ಗುರುವಾರ ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತುವಾಗ ಉತ್ತರ ಪತ್ರಿಕೆಗಳ ಕಟ್ಟು ಚೀಲದಲ್ಲಿತ್ತು. ಎಂಟನೇ ನಂಬರಿನವನನ್ನು ತಪ್ಪಿಸಲು ಏನಾದರೂ ನ್ಯಾಯವಾದ ಕಾರಣ ಸಿಗುತ್ತದೆಯೇ ಎಂದು ಇನ್ನೊಮ್ಮೆ ನೋಡುವ ಆಸೆ. ಎಂಟು ಹತ್ತರ ಬಸ್ಸು. ಉಳಿಯಾರಗೋಳಿ ದಾಟುವಾಗ ಟಯರು ಪಂಕ್ಚರ್ ಆಗಿ, ಹಿಂದಿನಿಂದ ಬಂದ ಎಂಟು ಹದಿನೈದರ ಬಸ್ಸು ಹಾರ್ನು ಹೊಡೆದು ನಮ್ಮನ್ನು ದಾಟಿ ಹೋಯಿತು. ಕಟಪಾಡಿ ತಲುಪುವಾಗ ನನ್ನ ವಾಚಿನಲ್ಲಿ ಎಂಟೂವರೆ ಆಗಿತ್ತು. ಕಂಡಕ್ಟರ್ ಹಾರಿ ಇಳಿದು ಟೈಮ್ ಕೀಪರ್ ಮೇಜಿಗೆ ಓಡಿದ. ನಾನು ಕಿಟಕಿ ಪಕ್ಕ. ಮೇಜು ನನ್ನ ಕೆಳಗೇ ಇತ್ತು, ಪುಸ್ತಕ ಪೂರ್ತಿ ಕಾಣುತ್ತಿತ್ತು. ಬಿಳಿ ಗಡ್ಡದ ಆ ಹಿರಿಯರು ಕೊನೆಯ ಸಾಲಿನಲ್ಲಿದ್ದ 8.15ರ ಕೆಳಗೆ ನಿಧಾನವಾಗಿ 8.10 ಎಂದು ಬರೆದರು.

ನಾನು ಕಿಟಕಿಯಿಂದಲೇ ಕೂಗಿದೆ, "ಅಣ್ಣಾ, ಈಗ ಎಂಟೂವರೆ ಅಲ್ವಾ? ಎಂಟು ಹತ್ತು ಅಂತ ಬರೆದ್ರಲ್ಲ?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀವು ಯಾವ ಬಸ್ಸಿಗೆ ಹತ್ತಿದ್ದು?"

"ಎಂಟು ಹತ್ತರ ಬಸ್ಸಿಗೆ."

"ಮತ್ತೆ ಎಂಟು ಹತ್ತರ ಬಸ್ಸಿಗೆ ನಾನು ಎಂತ ಅಂತ ಬರೆಯುವುದು?"

ಬಸ್ಸಿನಲ್ಲಿದ್ದ ನಾಲ್ಕು ಜನ ನಕ್ಕರು. ನಾನು ಕಟ್ಟಿನ ಅಡಿಯಿಂದ ಹದಿನೇಳನೇ ನಂಬರಿನ ಹಾಳೆ ಎಳೆದು ತೆಗೆದೆ. "7.25ರ ಕೆಳಗೆ 7.20 ಬರುತ್ತದೆ. ಇದು ಮಧ್ಯಾಹ್ನ ಅಲ್ಲ." ಅದರ ಪಕ್ಕದಲ್ಲೇ ನನ್ನ ಕೆಂಪು ಅಕ್ಷರ. ನಾಲ್ಕು ವರ್ಷ ಅದೇ ಕಿಟಕಿಯಿಂದ ಅದೇ ಮೇಜು ನೋಡುತ್ತಾ ಹೋದವಳು ನಾನು. ನಾವೆಲ್ಲ ಎಂಟು ಹತ್ತರ ಬಸ್ಸು ಎಂಟೂವರೆಗೆ ಬಂತು ಎಂದು ದಿನಾ ಬೈಯುತ್ತೇವೆ, ಅಂದರೆ ಎಂಟು ಹತ್ತು ಎನ್ನುವುದು ಆ ಬಸ್ಸಿನ ಹೆಸರೇ. ಇಷ್ಟು ಗೊತ್ತಿದ್ದೂ ಪುಸ್ತಕದಲ್ಲಿರುವುದು ಗಡಿಯಾರದ ಸಮಯ ಎಂದು ನಂಬಿ ಪ್ರಶ್ನೆ ಮಾಡಿದ್ದೆ. ಆ ಪುಸ್ತಕವನ್ನು ನನ್ನ ಮಾದರಿ ಉತ್ತರಕ್ಕೆ ಕೊಟ್ಟಿದ್ದರೆ ಎಂಟು ಹದಿನೈದರ ನಂತರದ ಬಸ್ಸು ರಾತ್ರಿ ಎಂಟು ಹತ್ತಕ್ಕೆ ಎಂದು ಹೇಳುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಒಮ್ಮೆಲೇ ಲ್ಯಾಬು ನೆನಪಾಯಿತು.

ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸಿನ ಕಡೆ ನೋಡದೆ ಸೀದಾ ಆಸ್ಪತ್ರೆಗೆ ನಡೆದೆ. ಲ್ಯಾಬಿನ ಟೆಕ್ನಿಶಿಯನ್ ಹೆಂಗಸು ಸೂಜಿಗಳನ್ನು ಜೋಡಿಸುತ್ತಿದ್ದರು.

"ವಾರ್ಡಿನಿಂದ ಬರುವ ಸ್ಯಾಂಪಲಿಗೆ ಯಾವ ಟೈಮ್ ಹಾಕುವುದು ನೀವು?"

"ಆರು ಗಂಟೆ ಅಲ್ವಾ ಮೇಡಂ. ಅದು ಆರು ಗಂಟೆಯ ರೌಂಡಿನದ್ದು."

"ಇಲ್ಲಿಗೆ ಬರುವುದು ಎಷ್ಟಕ್ಕೆ?"

"ಬರುವುದಾ? ಅದು ಬರುವಾಗ ಬರ್ತದೆ. ಕೆಲವು ದಿನ ಏಳೂ ಆಗ್ತದೆ. ಅಷ್ಟರಲ್ಲಿ ಹೊರಗಿನವರದ್ದು ಐದಾರು ಆಗಿರ್ತದೆ."

ಆರು ನಲವತ್ತರ ಸಾಲಿನ ಕೆಳಗೆ ಆರು ಗಂಟೆ. ಸಮಯ ಹಿಂದಕ್ಕೆ ಹೋಯಿತು, ನನ್ನ ಜಾಣ ಪ್ರೋಗ್ರಾಮು ನಡುರಾತ್ರಿ ದಾಟಿತೆಂದು ನಾಳೆಗೆ ಹಾರಿತು. "ನಾನು ಕೂತ ದಿನ ಯಾಕೆ ಆಗಲಿಲ್ಲ ಮತ್ತೆ?" ಎಂದು ಕೇಳಿದೆ. ಅವರು ಮುಸಿಮುಸಿ ನಕ್ಕರು. "ಮೇಡಂ ಬಂದು ಕೂತಿದ್ದಾರೆ ಅಂತ ವಾರ್ಡಿನವರಿಗೆ ನಾನೇ ಫೋನ್ ಮಾಡಿದ್ದು. ಆರಕ್ಕೆ ತೆಗೆದದ್ದನ್ನು ಓಡಿಕೊಂಡು ತಂದು ಕೊಟ್ಟರು."

ಸರಿಮಾಡಲು ಹಿಡಿದದ್ದು ನಲವತ್ತು ನಿಮಿಷ. ಸಮಯ ಸ್ವಲ್ಪವೇ ಹಿಂದೆ ಹೋದರೆ ಅದು ತಡವಾಗಿ ಬಂದ ಸ್ಯಾಂಪಲ್, ದಿನಾಂಕ ಮುಟ್ಟಬೇಡ. ಅರ್ಧ ದಿನಕ್ಕಿಂತ ಹೆಚ್ಚು ಹಿಂದೆ ಹೋದರೆ ಮಾತ್ರ ದಿನ ಬದಲಾಯಿತು. ಎರಡು ವಾರ ನನ್ನ ನಿದ್ದೆ ಕೆಡಿಸಿದ ತಪ್ಪಿನ ಔಷಧಿ ಶನಿವಾರದಿಂದಲೂ ನನ್ನ ಚೀಲದಲ್ಲೇ ಇತ್ತು, ಇಪ್ಪತ್ತೈದರಲ್ಲಿ ಮೂರು ಅಂಕ ಹೊತ್ತುಕೊಂಡು.

ಈಗ ಸರ್ ಅವರಿಗೆ ಹೇಳಬೇಕಿತ್ತು. ಮಣಿಪಾಲದ ಬಸ್ಸಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ. ಹದಿನೇಳನೇ ನಂಬರನ್ನು ಕರೆಯಬೇಕೆಂದರೆ ನನ್ನ ಪರೀಕ್ಷೆ ತಪ್ಪು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಸರ್ ಮತ್ತೆ "ಇಲ್ಲ್ ಓಲು" ಶುರುಮಾಡಬಹುದು. ಬಾಯಿ ಮುಚ್ಚಿಕೊಂಡಿದ್ದರೆ ಪದ್ಧತಿ ಉಳಿಯುತ್ತದೆ, ಎಲ್ಲೂರಿನ ಹುಡುಗ ಬರುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಆ ಕೆಂಪು ಅಕ್ಷರ ನನಗೆ ಗೊತ್ತಲ್ಲ. ನನ್ನ ಕಾಲದಲ್ಲಿ ನನ್ನ ಬಿಳಿ ಹಾಳೆಯ ಮೇಲೆ ಯಾರಾದರೂ ಹಾಗೆ ಬರೆದಿದ್ದರೆ ನಾನು ಇವತ್ತು ಅಪ್ಪನ ಅಂಗಡಿಯಲ್ಲಿ ಬಟನ್ನು ಹೊಲಿಯುತ್ತಿದ್ದೆ.

ಹೋದವಳೇ ಹಾಳೆಯನ್ನು ಸರ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಲ್ಯಾಬಿನ ತಪ್ಪು, ಪ್ರಶ್ನೆಯ ತಪ್ಪು, ಎರಡೂ ನನ್ನದೇ ಎಂದೂ ಹೇಳಿದೆ. ಸರ್ ಹಾಳೆ ಓದಿ ಮಡಚಿದರು.

"ಹಾಗಾದ್ರೆ ನಿನ್ನ ಟೆಸ್ಟು ಎಂತಕ್ಕೆ ಮಾರಾಯ್ತಿ? ಎಲ್ಲ ಗೊತ್ತಿದ್ದವನಿಗೆ ಮೂರು, ಬಾಯಿಪಾಠದವನಿಗೆ ಇಪ್ಪತ್ತೈದು."

"ಒಂದು ದಿನ ಕೊಡಿ ಸರ್. ಇಬ್ಬರನ್ನೂ ಕರೆದು ಕಂಪ್ಯೂಟರಿನ ಮುಂದೆ ಕೂರಿಸುವ. ಬೆಳಿಗ್ಗೆಯಿಂದ ಸಂಜೆವರೆಗೆ. ಅಲ್ಲಿವರೆಗೆ ಮನೆ ಕೇಳಬೇಡಿ" ಎಂದೆ.

"ಎಂಟನೆಯವನದ್ದು ನಂಗೆ ಆಗಲೇ ಗೊತ್ತುಂಟಲ್ಲ."

"ಹದಿನೇಳರದ್ದು ಕೇಳಬೇಡಿ."

ಶನಿವಾರ ಇಬ್ಬರೂ ಬಂದರು. ಕರೆ ಕಳಿಸಿದ್ದು ಆಫೀಸಿನ ಇನ್ನೊಬ್ಬರಾದ್ದರಿಂದ, ಹದಿನೇಳನೇ ನಂಬರು ಹುಡುಗಿ ಎಂದು ನನಗೆ ಗೊತ್ತಾದದ್ದು ಆವತ್ತೇ. ಕಾರ್ಕಳದ ಕಾಲೇಜಿನಲ್ಲಿ ಬಿಎಸ್ಸಿ, ಎರಡು ಜಡೆ, ಕೈಯಲ್ಲಿ ಛತ್ರಿ. ಇಬ್ಬರಿಗೂ ಅದೇ ಹಳೆಯ ಪ್ರಶ್ನೆ, ಆದರೆ ಪಟ್ಟಿಯಲ್ಲಿ ಒಂದು ತಡವಾದ ಬಸ್ಸು ಸೇರಿಸಿದ್ದೆ. ಪುಸ್ತಕ ನೋಡಬಹುದು, ಯಾರನ್ನು ಬೇಕಾದರೂ ಕೇಳಬಹುದು.

ಎಂಟನೆಯವನು ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಸಾಲು ಟೈಪ್ ಮಾಡಿ ಓಡಿಸಿದ. ಅತಿ ದೊಡ್ಡ ಅಂತರ ಹನ್ನೊಂದು ಗಂಟೆ ಐವತ್ತೈದು ನಿಮಿಷ ಎಂದು ಬಂತು. ಅವನು ಬಹಳ ಹೊತ್ತು ಪರದೆ ನೋಡಿದ. ಹನ್ನೆರಡು ಗಂಟೆಯ ಹೊತ್ತಿಗೆ ನನ್ನ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. "ಮೇಡಂ, ಸುಳ್ಳು ಹೇಳುವುದಿಲ್ಲ. ಇದು ನಮ್ಮ ಸೆಂಟರಿನ ನೋಟ್ಸಿನಲ್ಲಿ ಉಂಟು. ಹಾಗೆಯೇ ಬರೆಯಲಿಕ್ಕೆ ನನಗೆ ಬರ್ತದೆ. ಒಂದು ಸಾಲು ಮುಟ್ಟಿದ್ರೆ ಮತ್ತೆಲ್ಲ ಎಂತ ಆಗ್ತದೆ ಅಂತ ಗೊತ್ತಾಗುವುದಿಲ್ಲ." ಅವನ ಮೇಲೆ ನನಗಿದ್ದ ಕೋಪವೆಲ್ಲ ಅಲ್ಲೇ ಇಳಿದುಹೋಯಿತು. ಬಾಯಿಪಾಠ ಮಾಡುವಂಥ ಪ್ರಶ್ನೆ ಕೊಟ್ಟವಳು ನಾನು, ಅವನು ಸಿಕ್ಕಿದ್ದನ್ನು ಶ್ರದ್ಧೆಯಿಂದ ಕಲಿತಿದ್ದ.

ಹದಿನೇಳು ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಳು. ಅವಳ ಕಾಲೇಜಿನಲ್ಲಿ ನಾಲ್ಕು ಜನರಿಗೆ ಒಂದು ಕಂಪ್ಯೂಟರಂತೆ, ಕೀಬೋರ್ಡು ಕೈಗೆ ಸಿಗುತ್ತಿದ್ದದ್ದೇ ಅಪರೂಪ. ಅರ್ಧವಿರಾಮ ಬಿಟ್ಟು, ಆವರಣ ಮರೆತು, ಮೊದಲ ಸಲ ಓಡಿಸಿದಾಗ ಪರದೆ ತುಂಬ ತಪ್ಪುಗಳು. ಊಟದ ಮೊದಲು ಇಣುಕಿ ನೋಡಿದ ಸರ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಎರಡೂವರೆಗೆ ಅವಳು ಒಂದು ಕಾಗದ ತೆಗೆದುಕೊಂಡು ಮೊದಲು ಅಂಕಿಗಳನ್ನು ಬರೆದಳು, ಬಾಣ ಹಾಕಿದಳು, ಆಮೇಲೆ ಮತ್ತೆ ಟೈಪ್ ಮಾಡಿದಳು. ಮೂರೂಕಾಲಿಗೆ ಸರಿಯಾದ ಉತ್ತರ ಬಂತು. ಒಂದು ಗಂಟೆಯೊಳಗೆ ಹಿಂದೆ ಹೋದರೆ ತಡವಾದ ಬಸ್ಸು, ಅದನ್ನು ಅದರ ಜಾಗಕ್ಕೆ ಸೇರಿಸು. ಅದಕ್ಕಿಂತ ಹೆಚ್ಚಾದರೆ ಮಧ್ಯಾಹ್ನ.

ನಾನು ಪರೀಕ್ಷಕಳ ಗತ್ತು ಬಿಡಲಿಲ್ಲ. "ಬಸ್ಸು ಒಂದು ಗಂಟೆಗಿಂತ ಜಾಸ್ತಿ ತಡವಾದರೆ?"

"ಹಾಗಾದ್ರೆ ಆ ಟ್ರಿಪ್ಪೇ ಕಟ್ ಮೇಡಂ. ಪುಸ್ತಕಕ್ಕೆ ಬರುವುದೇ ಇಲ್ಲ."

"ಇದೆಲ್ಲ ನಿನಗೆ ಹೇಗೆ ಗೊತ್ತು?"

ಅವಳು ಸುಮ್ಮನೆ ನಕ್ಕಳು. ಅಷ್ಟರಲ್ಲಿ ಸರ್ ಒಳಗೆ ಬಂದು ಕುರ್ಚಿ ಎಳೆದು ಕೂತರು. "ಟೆಸ್ಟು ಮುಗಿಯಿತಲ್ಲ? ಇನ್ನು ನಾನು ಕೇಳಬಹುದಾ?" ಎಂದು ನನ್ನನ್ನೇ ಕೇಳಿ, ಅವಳ ಕಡೆ ತಿರುಗಿದರು. "ಮನೆ ಎಲ್ಲಿ?"

ಹುಡುಗಿಯ ಮುಖದ ನಗು ಹೋಯಿತು. ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು.

"ಕಟಪಾಡಿ ಸರ್."

"ಕಟಪಾಡಿಯಲ್ಲಿ ಯಾವ ಮನೆ?"

"ನಮ್ಮ ಮನೆಗೆ ಹೆಸರಿಲ್ಲ ಸರ್. ಜಂಕ್ಷನ್ನಿನ ಹಿಂದೆ ಲೈನ್ ಮನೆ ಉಂಟಲ್ಲ, ಅದರಲ್ಲಿ ಐದನೇ ರೂಮು. ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು, ಕಟ್ಟಡ ಕೆಲಸಕ್ಕೆ ಇಲ್ಲಿ ಬಂದದ್ದು. ನನಗೆ ಆಗ ನಾಲ್ಕು ವರ್ಷ."

ಅವಳೇ ಮುಂದುವರಿಸಿದಳು. "ಮೂರು ಕಡೆ ಹೋಗಿದ್ದೆ ಸರ್. ಮನೆ ಎಲ್ಲಿ ಕೇಳಿದ ಮೇಲೆ ಮತ್ತೆ ಅವರು ಬೇರೆ ಎಂತದೂ ಕೇಳಲಿಲ್ಲ. ಮಣಿಪಾಲದಲ್ಲಿ ಒಂದು ಆಫೀಸು ಉಂಟು, ಅಲ್ಲಿ ನಂಬರ್ ಮಾತ್ರ ಕೇಳುವುದು ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಹಾಗೆ ಬಂದೆ."

ಆ ಪರೀಕ್ಷೆಯ ಮೇಲೆ ನನಗಿದ್ದ ಪ್ರೀತಿಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ಒಂದೇ ಒಂದು ಸರ್ಟಿಫಿಕೇಟು ಅದು. ಅವಳನ್ನು ಬಾಗಿಲಿನವರೆಗೆ ಕರೆತಂದದ್ದು ಅದೇ ಪರೀಕ್ಷೆ, ಕಟ್ಟಿನ ಅಡಿಗೆ ತಳ್ಳಿದ್ದು ಅದಕ್ಕೆ ಅಂಕ ಹಾಕಿದ ನಾನು.

ಸರ್ ಮಾತ್ರ ಬಿಡುವವರಲ್ಲ. "ಪುಸ್ತಕದ ವಿಷಯ ನಿಂಗೆ ಹೇಳಿದ್ದು ಯಾರು?"

"ಟೈಮ್ ಕೀಪರ್ ಸರ್. ಅಮ್ಮ ಕೆಲಸದಿಂದ ಬರುವುದು ಆರೂಕಾಲಿನ ಬಸ್ಸಿಗೆ. ಬೀಗದ ಕೈ ಅಮ್ಮನ ಹತ್ತಿರ. ಶಾಲೆಯಿಂದ ಬಂದು ಅವರ ಮೇಜಿನ ಹತ್ತಿರವೇ ಕೂತು ಓದ್ತಾ ಇದ್ದೆ. ಹೈಸ್ಕೂಲಿಗೆ ಹೋದ ಮೇಲೆ ಸಂಜೆಯ ಪುಸ್ತಕ ನನ್ನ ಕೈಯಲ್ಲಿಯೇ ಬರೆಸ್ತಿದ್ರು."

ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಬಿಳಿ ಗಡ್ಡದವರಾ? ಅವರು ನಿನ್ನ ಕೈಗೆ ಪುಸ್ತಕ ಕೊಟ್ಟರಾ? ಮಾರಾಯ್ತಿ, ಗಲ್ಫಿಗೆ ಹೋಗುವ ಮೊದಲು ಎರಡು ವರ್ಷ ಆ ಲೈನಿನಲ್ಲಿ ನಾನು ಕಂಡಕ್ಟರ್! ಪುಸ್ತಕ ಮುಟ್ಟಲಿಕ್ಕೆ ಹೋದ್ರೆ ಸ್ಕೇಲಿನಲ್ಲಿ ಕೈಗೆ ಹೊಡೆಯುತ್ತಿದ್ದ ಜನ ಅವರು!"

ನಾನು ಅವರನ್ನೇ ನೋಡಿದೆ. "ಸರ್, ಹಾಗಾದರೆ ತಡವಾದ ಬಸ್ಸಿಗೂ ಅದರದ್ದೇ ಟೈಮ್ ಬರೆಯುವುದು ಅಂತ ನಿಮಗೆ ಮೊದಲೇ ಗೊತ್ತಿತ್ತಾ? ಪ್ರಶ್ನೆಪತ್ರಿಕೆ ನೀವು ನೋಡಿದ್ದೀರಲ್ಲ!"

"ನೋಡಿದ್ದೇನೆ. ಕಂಪ್ಯೂಟರಿನಲ್ಲಿ ಹಾಗೆಯೇ ಏನೋ ಅಂತ ಗ್ರಹಿಸಿದೆ. ನೀನು ನನ್ನನ್ನು ಕೇಳಲೇ ಇಲ್ಲ ಅಲ್ವಾ?"

ಮೂವರೂ ನಕ್ಕೆವು. ಆಚೆ ಕೋಣೆಯಲ್ಲಿದ್ದ ಎಲ್ಲೂರಿನ ಹುಡುಗ ಏನಾಯಿತೆಂದು ಬಾಗಿಲಿಗೆ ಬಂದು ನೋಡಿದ. ಅವನಿಗೆ ಕೆಲಸ ಸಿಗಲಿಲ್ಲ ಎಂದು ನಾನೇ ಹೇಳಬೇಕಾಯಿತು. ಸಣ್ಣ ಮುಖ ಮಾಡಿಕೊಂಡ, ಆದರೂ ಹೋಗುವ ಮೊದಲು ತಡವಾದ ಬಸ್ಸಿನ ಸಾಲು ಹೇಗೆ ಸೇರಿಸುವುದೆಂದು ಹದಿನೇಳರ ಹತ್ತಿರ ಕೂತು ಬರೆದುಕೊಂಡ. ಮುಂದೆ ಅವನು ಅದೇ ತರಬೇತಿ ಕೇಂದ್ರದಲ್ಲಿ ಪಾಠ ಮಾಡಲು ಸೇರಿದ. ಮರುವರ್ಷ ಬಂದ ಅರ್ಜಿದಾರರ ನೋಟ್ಸಿನಲ್ಲಿ ತಡವಾದ ಬಸ್ಸೂ ಇತ್ತು, ಪ್ರತಿ ಸಾಲಿಗೂ ಯಾಕೆ ಎಂಬ ವಿವರಣೆಯೂ ಇತ್ತು. ನಾನು ಹೊಸ ಪ್ರಶ್ನೆ ಹುಡುಕಬೇಕಾಯಿತು. ಅಂದಿನಿಂದ ಪ್ರಶ್ನೆ ಮಾಡಿದ ಮೇಲೆ ಮೊದಲು ಸರ್ ಅವರಿಗೆ ತೋರಿಸುವುದು, ಹೊಡೆದುಹಾಕಿದ ಸಾಲುಗಳನ್ನೂ ಓದುವುದು, ಕೆಂಪು ಪೆನ್ನು ಬಳಸದಿರುವುದು, ಇಷ್ಟು ಅಭ್ಯಾಸ ಮಾಡಿಕೊಂಡೆ. ನಂಬರು ಮಾತ್ರ ಬಿಡಲಿಲ್ಲ.

ಆದೇಶ ಪತ್ರದ ಫೈಲಿಗೆ ಅಂಕ ನಮೂದಿಸುವಾಗ ಸರ್, "ತಿದ್ದಿ ಇಪ್ಪತ್ತು ಮಾಡು" ಎಂದರು. ನಾನು ಮಾಡಲಿಲ್ಲ. ಮೂರು ಎಂದೇ ಬರೆದು, ಅದರ ಕೆಳಗೆ "ಮಾದರಿ ಉತ್ತರ ತಪ್ಪು" ಎಂದು ಸೇರಿಸಿ ಸಹಿ ಹಾಕಿದೆ.

ಸೇರಿದ ಎರಡನೇ ವಾರ ಅವಳು ಆ ಫೈಲು ನೋಡಿಬಿಟ್ಟಳು. "ಮೇಡಂ, ನಾನು ಎಂತದೂ ಸರಿ ಬರೆದಿರಲಿಲ್ಲ ಅಲ್ವಾ? ಮತ್ತೆ ಈ ಮೂರು ಯಾತಕ್ಕೆ?"

"ಅಕ್ಷರ ಚಂದ ಉಂಟು ಅಂತ."

ಅವಳು ಫೈಲು ಮುಚ್ಚಿದಳು. "ಅಕ್ಷರ ತಿದ್ದಿಸಿದ್ದು ಆ ಟೈಮ್ ಕೀಪರೇ ಮೇಡಂ. ಒಂದು ಅನ್ನುವ ಅಂಕಿ ಏಳರ ಹಾಗೆ ಕಂಡ್ರೆ ಕಂಡಕ್ಟರುಗಳು ಹೊಡೆದಾಡಿಕೊಳ್ತಾರೆ ಅಂತ ದಿನಾ ಒಂದು ಪುಟ ಅಂಕಿ ಬರೆಸ್ತಿದ್ರು. ಆ ಮೂರು ನನ್ನದಲ್ಲ, ಅವರದ್ದು."

ಮರುದಿನ ಬೆಳಿಗ್ಗೆ ಕಟಪಾಡಿಯಲ್ಲಿ ಬಸ್ಸು ನಿಂತಾಗ ನಾನು ಕಿಟಕಿಯಿಂದ ಬಗ್ಗಿ ಅವರಿಗೆ ಆ ವಿಷಯ ಹೇಳಿದೆ. ನಿಮ್ಮ ಹುಡುಗಿಗೆ ಸಿಕ್ಕಿದ ಅಂಕ ನಿಮ್ಮದಂತೆ ಎಂದೆ. ಅವರು ಪುಸ್ತಕದಿಂದ ತಲೆ ಎತ್ತಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಗದರುವಂತೆಯೇ ಇತ್ತು.

"ಎಷ್ಟಕ್ಕೆ ಎಷ್ಟು?"

"ಇಪ್ಪತ್ತೈದಕ್ಕೆ ಮೂರು."

"ಹತ್ತು ವರ್ಷ ಬರೆಸಿದ್ದೇನೆ, ಮೂರೇ ಕೊಟ್ಟದ್ದಾ ನೀವು?" ಎಂದು ಹೇಳಿ, ಸಾಲಿನ ಕೆಳಗೆ ನಮ್ಮ ಬಸ್ಸಿನ ಟೈಮನ್ನು ಎಂದಿಗಿಂತ ನಿಧಾನವಾಗಿ, ಚಂದ ಮಾಡಿ ಬರೆದರು.